ನೀರಿನ ಗೆರೆ

ತ್ರ್ಯಂಬಕನಿಗೆ ಬೈಬಲ್ಲಿನ ಯೊರ್ದನ್ ಹೊಳೆ ಬರೆದು ಬರೆದು ಕೈ ಎಷ್ಟು ಪಳಗಿತ್ತೆಂದರೆ, ಕಣ್ಣು ಮುಚ್ಚಿಕೊಂಡು ಬರೆ ಎಂದರೂ ಬರೆದಾನು. ಆ ಹೊಳೆಯನ್ನು ಅವನು ಕಂಡವನಲ್ಲ. ಅದು ಎಲ್ಲಿ ಹುಟ್ಟುತ್ತದೆ, ಎಲ್ಲಿ ಹೋಗಿ ಸೇರುತ್ತದೆ ಎಂದು ಯಾರಾದರೂ ಕೇಳಿದರೆ, "ಅದನ್ನ ಪಾಸ್ಟರನ್ನ ಕೇಳ್ರಿ, ನಂದು ಬಣ್ಣದ ಕೆಲಸ" ಎನ್ನುತ್ತಿದ್ದ. ಬೆಳಗಾವಿ, ಹುಬ್ಬಳ್ಳಿ, ಗೋವೆಯ ಕಡೆ ಎಷ್ಟೋ ಚರ್ಚುಗಳಲ್ಲಿ ವೇದಿಕೆಯ ಹಿಂದೆ ದೀಕ್ಷಾಸ್ನಾನದ ತೊಟ್ಟಿ ಇರುತ್ತದೆ. ಆ ತೊಟ್ಟಿಯ ಬೆನ್ನಿಗಿರುವ ಗೋಡೆಯ ಮೇಲೆ ಹರಿಯುತ್ತಿದ್ದದ್ದು ಇವನ ಹೊಳೆ. ದೀಕ್ಷೆ ತೆಗೆದುಕೊಳ್ಳುವವರು ಮೆಟ್ಟಿಲಿಳಿದು ನೀರಿನಲ್ಲಿ ನಿಂತರೆ, ಎದುರಿನ ಬೆಂಚುಗಳಲ್ಲಿ ಕುಳಿತವರಿಗೆ ಅವರು ಹೊಳೆಯಲ್ಲೇ ನಿಂತಿದ್ದಾರೆ ಅನ್ನಿಸಬೇಕು. ಅಷ್ಟು ಅನ್ನಿಸಿದರೆ ಕೆಲಸ ಆದಂತೆ.

ಹಾಗಂತ ಅವನು ಚರ್ಚಿಗೇ ಮೀಸಲಾದ ಕಲಾವಿದನೇನಲ್ಲ. ಗಣಪತಿ ಹಬ್ಬ ಬಂತೆಂದರೆ ಮಂಡಳಿಯವರಿಗೆ ಕೈಲಾಸ ಬರೆದುಕೊಡುತ್ತಿದ್ದ. ಎರಡಕ್ಕೂ ನೀಲಿ ಒಂದೇ ಡಬ್ಬಿಯದು. ಇದರಲ್ಲಿ ಅವನಿಗೆ ಯಾವ ಗೊಂದಲವೂ ಇರಲಿಲ್ಲ. ಗೊಂದಲವೆಲ್ಲ ಶುರುವಾದದ್ದು ಖಾನಾಪುರದ ಗೋಡೆಯಿಂದ.

ಖಾನಾಪುರಕ್ಕೆ ಹೋಗುವ ಮೊದಲು ಅವನ ಆಯಿಯ, ಎಂದರೆ ತಾಯಿ ಚಂದ್ರಭಾಗಾಬಾಯಿಯ, ವಿಷಯ ಹೇಳಬೇಕು. ಅವಳ ಗಂಡನೂ ಪೇಂಟರನೇ, ನಾಟಕ ಕಂಪನಿಗಳಿಗೆ ಪರದೆ ಬರೆಯುತ್ತಿದ್ದವನು. ಗಂಡನ ಪರದೆಯನ್ನು ಮೊದಲು ನೋಡುವವಳು ತಾನೇ ಆಗಬೇಕು ಎಂಬ ಹಟ ಅವಳದು. ಅವನು ಹೋದ ಮೇಲೆ ಆ ಹಟವನ್ನು ಮಗನ ಮೇಲೆ ಸಾಗಿಸಿದಳು. ಕೊರಳಲ್ಲಿ ತುಳಸಿಮಾಲೆ, ಹಣೆಯ ಮೇಲೆ ಬುಕ್ಕಾದ ಕರಿ ಪುಡಿ ಹಚ್ಚಿಕೊಂಡ, ಪಂಢರಪುರದ ವಿಠ್ಠಲನಿಗೆ ನಡೆದುಕೊಳ್ಳುವ ಈ ವಾರಕರಿ ಮುದುಕಿ, ಮಗನ ಕೆಲಸ ಮುಗಿಯುವ ದಿನ ಅವನ ಜೊತೆ ಬಸ್ಸು ಹತ್ತಿ, ಊರು ಯಾವುದಾದರೂ ಸರಿ, ಚರ್ಚಿನ ಕೊನೆಯ ಬೆಂಚಿನಲ್ಲಿ ಕೈಕಟ್ಟಿ ಕೂರುತ್ತಿದ್ದಳು. ತುಂಬ ಹೊತ್ತು ನೋಡುತ್ತಿದ್ದಳು. ಆಮೇಲೆ ಹೇಳುತ್ತಿದ್ದ ಮಾತು ಒಂದೇ.

"ಚಂದ ಐತಿ. ಆದರ ನೀರಾಗಿಲ್ಲ."

"ನೀರಾಗಿಲ್ಲ ಅಂದ್ರ ಮತ್ತೇನಾಗೇತಿ ಆಯಿ?"

"ನೀಲಿ ಆಗೇತಿ."

ಪಾಸ್ಟರುಗಳು ಹೊಗಳುತ್ತಿದ್ದರು. ಸಭೆಯವರು ಫೋಟೋ ತೆಗೆಸಿಕೊಳ್ಳುತ್ತಿದ್ದರು. ತ್ರ್ಯಂಬಕ ಮಾತ್ರ ಮನೆಗೆ ಬರುವಾಗ ಬಸ್ಸಿನಲ್ಲಿ ಮುಖ ಊದಿಸಿಕೊಂಡೇ ಬರುತ್ತಿದ್ದ. ಕೂದಲು ನೆರೆತ ಮೇಲೂ ಈ ಮಾತು ಅವನಿಗೆ ಚುಚ್ಚುತ್ತಿತ್ತು. ಅದಕ್ಕೆ ಸರಿಯಾಗಿ ಆಯಿಯ ಹತ್ತಿರ ಅಪ್ಪನದೊಂದು ಕತೆ ಸದಾ ತಯಾರಿರುತ್ತಿತ್ತು. ಮದುವೆಯಾದ ಹೊಸದರಲ್ಲಿ ಗದಗಿನ ಕ್ಯಾಂಪಿಗೆ ನಾಟಕ ನೋಡಲು ಹೋಗಿದ್ದಳಂತೆ. ಅಪ್ಪ ಬರೆದ ಹೊಳೆಯ ಪರದೆ ಇಳಿಯಿತಂತೆ. ಮುಂದಿನ ಸಾಲಿನಲ್ಲಿ ಕುಳಿತಿದ್ದ ಇವಳು, ತೊಯ್ದೀತು ಎಂದು ಸೀರೆಯ ನಿರಿಗೆ ಎತ್ತಿಕೊಂಡಳಂತೆ. "ಬಾಜು ಕುಂತಾವ್ರೆಲ್ಲಾ ನಕ್ಕರು. ನಿಮ್ಮಪ್ಪ ನಗಲಿಲ್ಲ," ಎಂದು ಆಯಿ ಕತೆ ಮುಗಿಸುತ್ತಿದ್ದಳು. ತ್ರ್ಯಂಬಕನಿಗೂ ಆಗ ನಗು ಬರುತ್ತಿರಲಿಲ್ಲ.

ಖಾನಾಪುರದ್ದು ಚಿಕ್ಕ ಚರ್ಚು. ಹೊಸದಾಗಿ ಕಟ್ಟಿದ್ದು, ಗಿಲಾವಿನ ಹಸಿ ವಾಸನೆ ಇನ್ನೂ ಆರಿರಲಿಲ್ಲ. ಪಾಸ್ಟರ್ ರೋಹನ ಹರೆಯದವನು, ಒಂದು ಕಡೆ ನಿಲ್ಲುವ ಜಾತಿಯಲ್ಲ. ಮೈಕಿನ ವೈರು ಎಳೆಯುವುದೂ ಅವನೇ, ಬೆಂಚು ಒರೆಸುವುದೂ ಅವನೇ. "ಮನುಷ್ಯಾರ ಬ್ಯಾಡ್ರಿ, ಪಾರಿವಾಳ ಬ್ಯಾಡ, ಬರೇ ಹೊಳಿ ಇರಲಿ," ಎಂದು ಮೊದಲೇ ಹೇಳಿದ್ದ. ತ್ರ್ಯಂಬಕನಿಗೆ ಅದೇ ಬೇಕಾಗಿತ್ತು. ಗುಡ್ಡ, ದಂಡೆ, ಆಪು ಹುಲ್ಲು, ಆಕಾಶ ಎಲ್ಲ ಸಲೀಸಾಗಿ ಆಯಿತು. ಉಳಿದದ್ದು ನೀರಿನ ಗೆರೆ.

ಈ ನೀರಿನ ಗೆರೆ ಅವನ ಕಸುಬಿನ ಗುಟ್ಟು. ಗೋಡೆಯ ಮೇಲಿನ ಬಣ್ಣದ ನೀರು ತೊಟ್ಟಿಯ ಖರೇ ನೀರಿಗೆ ಎಲ್ಲಿ ಕೂಡುತ್ತದೋ ಅಲ್ಲಿ ಎರಡೂ ಒಂದೇ ಆಗಿ ಕಾಣಬೇಕು. ತೊಟ್ಟಿ ಖಾಲಿ ಇದ್ದಾಗ ಆ ಬಣ್ಣ ಹಿಡಿಯಲು ಬರುವುದಿಲ್ಲ. ಅದಕ್ಕೆ ಅವನು ಕೊನೆಯ ದಿನ ತೊಟ್ಟಿ ತುಂಬಿಸುತ್ತಿದ್ದ. ಅಡ್ಡ ಹಲಗೆ ಹಾಕಿ, ಅದರ ಮೇಲೆ ಕುಳಿತು, ಕೆಳಗಿನ ನೀರು ನೋಡುತ್ತ ಮೇಲಿನ ನೀರು ಬರೆಯುತ್ತಿದ್ದ.

ಖಾನಾಪುರದಲ್ಲಿ ಆ ಕೊನೆಯ ದಿನ ನೀಲಿ ಕಡಿಮೆ ಬಿತ್ತು. ಚೈತ್ರದ ಬಿಸಿಲು, ಡಬ್ಬಿಯ ತಳದಲ್ಲಿದ್ದದ್ದು ಒಣಗಿ ಹೆಪ್ಪುಗಟ್ಟಿತ್ತು. ಬೆಳಗಾವಿಗೆ ಹೋಗಿ ತರುವಷ್ಟು ವ್ಯವಧಾನ ಇರಲಿಲ್ಲ. ಬ್ರಶ್ಶು ತೊಳೆದ ಡಬ್ಬಿಯಲ್ಲಿ ಅಷ್ಟು ದಿನದ ಹಸಿರು, ಕಂದು, ಬೂದಿ ಎಲ್ಲ ಕಲಸಿಕೊಂಡು ನಿಂತಿತ್ತು. ಬೇಸತ್ತು ಅದರಲ್ಲೇ ಬ್ರಶ್ಶು ಅದ್ದಿ ಗೋಡೆಗೆ ಎಳೆದ. ಎಳೆದ ಮೇಲೆ ಹೆದರಿದ. ಕೆಲಸ ಕೆಟ್ಟಿತೋ, ಸುಧಾರಿಸಿತೋ ತಿಳಿಯಲಿಲ್ಲ. ಹಲಗೆಯ ಮೇಲೆ ಕುಳಿತವನಿಗೆ ಮೂಗಿನ ತುದಿಯ ಗೋಡೆ ಬಿಟ್ಟು ಬೇರೇನೂ ಕಾಣುವುದಿಲ್ಲ. ಇನ್ನೊಂದು ಸಲ ಎಳೆದ. ಇನ್ನಷ್ಟು ಗೊಂದಲವಾಯಿತು.

ಆಯಿ ಕೊನೆಯ ಬೆಂಚಿನಲ್ಲಿ ಕುಳಿತಿದ್ದಳು. ಪಕ್ಕದಲ್ಲಿ ಶೀತಲ ಎಂಬ ಹುಡುಗಿ ನಾಲ್ಕಾರು ಜನರನ್ನು ಕೂಡಿಸಿ ಈಸ್ಟರಿನ ಹಾಡು ಕಲಿಸುತ್ತಿದ್ದಳು. ಅವಳು ಅಲ್ಲಿನ ಶಾಲೆಯ ಮಾಸ್ತರಿಣಿ. ಫೋನನ್ನು ಸ್ಟ್ಯಾಂಡಿಗೆ ಹಚ್ಚಿ ಹಾಡಿನ ವಿಡಿಯೋ ಮಾಡಿಕೊಳ್ಳುತ್ತಿದ್ದಳು. ಪಾಸ್ಟರ್ ಬಾಗಿಲ ಬಳಿ ಯಾವುದೋ ಪ್ಲಗ್ಗಿನ ಜೊತೆ ಗುದ್ದಾಡುತ್ತಿದ್ದ. ತ್ರ್ಯಂಬಕ ಬಾಯಲ್ಲೊಂದು ಬ್ರಶ್ಶು, ಕೈಯಲ್ಲೊಂದು ಬ್ರಶ್ಶು ಹಿಡಿದು ಓರೆಗಣ್ಣಿನಿಂದ ನೋಡಿದಾಗ ಆಯಿ ತೊಟ್ಟಿಯ ಮೇಲಿನ ಮೆಟ್ಟಿಲಲ್ಲಿ ನಿಂತಿದ್ದಳು. ಹತ್ತಿರದಿಂದ ನೋಡಲು ಬಂದಿದ್ದಾಳೆ ಎಂದುಕೊಂಡ. ಅವಳು ಸೀರೆಯ ನಿರಿಗೆಯನ್ನು ಹಿಡಿದು ಸ್ವಲ್ಪ ಮೇಲೆತ್ತಿದಳು. ಒಂದು ಮೆಟ್ಟಿಲಿಳಿದಳು. ಇನ್ನೊಂದಿಳಿದಳು. ಮೊಣಕಾಲಿಗೆ ನೀರು ಬಂದಾಗ ನಿರಿಗೆ ಬಿಟ್ಟು ಕೈಮುಗಿದು, ಮೂಗು ಹಿಡಿದು ಮುಳುಗಿದಳು.

ಬಾಯಲ್ಲಿ ಬ್ರಶ್ಶಿದ್ದವನು ಕೂಗುವುದು ಹೇಗೆ? ಅವನು ಬ್ರಶ್ಶು ಉಗುಳುವಷ್ಟರಲ್ಲಿ, ಸಪ್ಪಳ ಕೇಳಿದ ಪಾಸ್ಟರ್ ಬೂಟುಗಾಲಲ್ಲೇ ಓಡಿಬಂದು ನೀರಿಗೆ ಹಾರಿದ. ಮುದುಕಿ ಮುಳುಗಿದಳೆಂದೇ ಅವನ ಭಯ. ಬೆನ್ನಿಗೆ ಒಂದು ಕೈ, ತಲೆಗೆ ಒಂದು ಕೈ ಕೊಟ್ಟು ಮೇಲೆತ್ತಿದ. ಅದೇ ಹೊತ್ತಿಗೆ ಶೀತಲ ಗಾಬರಿಯಿಂದ ತಿರುಗಿದಳು, ಅವಳ ಕೈ ತಾಗಿ ಸ್ಟ್ಯಾಂಡಿನ ಫೋನೂ ತಿರುಗಿತು. ಕಲಿಯುತ್ತಿದ್ದವರು ಹಾಡು ನಿಲ್ಲಿಸಲು ಮರೆತು ಇನ್ನೂ ಹಾಡುತ್ತಲೇ ಇದ್ದರು.

"ತಣ್ಣಗ ಐತಿ," ಎಂದಳು ಆಯಿ ಮುಖ ಒರೆಸಿಕೊಳ್ಳುತ್ತ.

ಶೀತಲ ಟಾವೆಲ್ ತಂದಳು, ಬೇರೆ ಸೀರೆ ತರಿಸುತ್ತೇನೆ ಎಂದಳು. ಆಯಿ ಸೆರಗು ಹಿಂಡಿಕೊಂಡು ಹೊರಗೆ ಬಿಸಿಲಿನಲ್ಲಿ ನಿಂತುಬಿಟ್ಟಳು. ಬಸ್ಸಿನಲ್ಲಿ ಕಿಟಕಿಗೆ ತಲೆಯಿಟ್ಟು ಹಾಯಾಗಿ ನಿದ್ದೆ ಹೋದಳು. ಗೋಡೆಯ ಬಗ್ಗೆ ಒಂದು ಮಾತೂ ಆಡಲಿಲ್ಲ. ಗಾಬರಿ ಇಳಿಯದ ತ್ರ್ಯಂಬಕನಿಗೂ ಅದನ್ನು ಕೇಳುವುದು ನೆನಪಾಗಲಿಲ್ಲ.

ಎರಡು ದಿನ ಕಳೆಯುವಷ್ಟರಲ್ಲಿ ಬಾಜು ಮನೆಯ ಶಿವಬಸವ್ವ ಫೋನು ಹಿಡಿದುಕೊಂಡು ಬಂದಳು. ಅವಳಿಗೂ ಆಯಿಗೂ ಹಳೆಯ ಗೆಳೆತನ. ಅವಳ ಕೊರಳಲ್ಲಿ ಲಿಂಗ, ಇವಳ ಕೊರಳಲ್ಲಿ ತುಳಸಿ, ನಡುವೆ ಒಂದೇ ಅಡಕೊತ್ತು.

"ಚಂದ್ರಭಾಗಾಬಾಯಿ, ಇದ ನೀನ ಏನವಾ?"

ಶೀತಲಳ ಫೋನಿನ ವಿಡಿಯೋ ಯಾರ ಯಾರ ಕೈ ದಾಟಿಯೋ ಓಣಿಗೆ ಬಂದಿತ್ತು, ಚಿಕ್ಕದು. ನೀರಿನಿಂದ ಆಯಿ ಮೇಲೇಳುತ್ತಾಳೆ. ಪಾಸ್ಟರನ ಕೈ ಅವಳ ಬೆನ್ನಿಗಿದೆ, ಇನ್ನೊಂದು ಕೈ ತಲೆಯ ಮೇಲಿದೆ. ಅವನ ತುಟಿ ಅಲ್ಲಾಡುತ್ತದೆ. ಹಿನ್ನೆಲೆಯಲ್ಲಿ ಹಾಡು. ಅದಕ್ಕಿಂತ ಹಿಂದಿನದು ಏನೂ ಇಲ್ಲ. ನೋಡಿದವರು ಯಾರಾದರೂ ಏನು ತಿಳಿಯುತ್ತಾರೋ ಅದನ್ನೇ ಓಣಿಯೂ ತಿಳಿದಿತ್ತು.

"ನಾನ," ಎಂದಳು ಆಯಿ. "ಸೆರಗ ನೋಡ, ಹೆಂಗ ಅಂಟಕೊಂಡೈತಿ."

"ಖರೇನ ಆ ಕಡೆ ಹೋದಿ ಏನ್ ಮತ್ತ?"

"ಎಲ್ಲಿ ಹೋಗ್ಲಿ? ಇಲ್ಲೇ ಕುಂತೇನಲ್ಲ," ಎಂದು ಆಯಿ ಅಡಿಕೆ ಕತ್ತರಿಸಿದಳು.

ತ್ರ್ಯಂಬಕನ ಹೆಂಡತಿ ಪ್ರಾಜಕ್ತಾ ಸೊಸೈಟಿಯಲ್ಲಿ ಕೆಲಸ ಮಾಡುವವಳು. ಯಾವ ತೊಡಕನ್ನೂ ಬೇಗ ಬಿಡಿಸಿ ಬದಿಗಿಡುವುದು ಅವಳ ಸ್ವಭಾವ. ಅಡುಗೆಮನೆಗೆ ಗಂಡನನ್ನು ಕರೆದು ಮೆಲ್ಲಗೆ ಹೇಳಿದಳು: "ಕಾಲ ಜಾರಿ ಬಿದ್ರು ಅಂತ ಹೇಳ್ರಿ. ವಯಸ್ಸಾದವ್ರು, ಹಸಿ ಟೈಲ್ಸು. ಯಾರೂ ಇಲ್ಲ ಅನ್ನೂದಿಲ್ಲ. ಮುಗೀತು."

ಮುಗಿಯಬೇಕಾಗಿತ್ತು, ಆದರೆ ಜಾರಿದಳು ಎನ್ನಲು ಅವನಿಗೆ ನಾಲಿಗೆ ಹೊರಳಲಿಲ್ಲ. ನಿರಿಗೆ ಎತ್ತಿದ ಕೈ ಅವನ ಕಣ್ಣ ಮುಂದೆಯೇ ಇತ್ತು. ಜಾರುವವರು ಮೊದಲು ನಿರಿಗೆ ಎತ್ತಿಕೊಂಡು ಆಮೇಲೆ ಜಾರುತ್ತಾರೆಯೇ?

ಅಷ್ಟರಲ್ಲಿ ಭಜನಿ ಮಂಡಳಿ ನಡೆಸುವ ಬುವಾ ಮನೆಗೆ ಬಂದರು. ರೈಲ್ವೆಯಲ್ಲಿದ್ದು ನಿವೃತ್ತರಾದವರು, ಮೆತ್ತಗಿನ ಮನುಷ್ಯ. ಓಣಿಯ ವಿಠ್ಠಲ ಮಂದಿರದಲ್ಲಿ ಸಪ್ತಾಹ ನಡೆದಿತ್ತು. ಸಪ್ತಾಹವೆಂದರೆ ಏಳು ದಿನ ನಾಮ ನಿಲ್ಲಬಾರದು, ಕೊರಳಿಗೆ ಹಾಕಿಕೊಳ್ಳುವ ತಂಬೂರಿಯಂಥ ವೀಣೆ ನೆಲ ಮುಟ್ಟಬಾರದು. ಒಬ್ಬರ ಕೊರಳಿನಿಂದ ಇನ್ನೊಬ್ಬರ ಕೊರಳಿಗೆ ಹೋಗುತ್ತಲೇ ಇರಬೇಕು. ವೀಣೆ ಹಿಡಿದವರು ದೇವರೆದುರು ನಾಮ ಹೇಳುತ್ತ ಅಡ್ಡಾಡಬೇಕು, ಬೇರೆ ಮಾತು ಆಡುವಂತಿಲ್ಲ. ಕೊಡುವವರು, ತೆಗೆದುಕೊಳ್ಳುವವರು ಒಬ್ಬರ ಪಾದಕ್ಕೊಬ್ಬರು ನಮಸ್ಕರಿಸಬೇಕು. ಅಲ್ಲಿ ಹಿರಿಯರು ಕಿರಿಯರು ಎನ್ನುವಂತಿಲ್ಲ. ಕೊನೆಯ ದಿನ ಮಧ್ಯಾಹ್ನದ ಪಾಳಿ ಎಷ್ಟೋ ವರ್ಷಗಳಿಂದ ಚಂದ್ರಭಾಗಾಬಾಯಿಯದು. ಗಂಡ ಸತ್ತ ವರ್ಷವೂ ಅವಳು ಅದನ್ನು ತಪ್ಪಿಸಿರಲಿಲ್ಲ. ವರ್ಷವಿಡೀ ಅವಳು ಬದುಕುತ್ತಿದ್ದದ್ದೇ ಆ ಒಂದು ಮಧ್ಯಾಹ್ನಕ್ಕಾಗಿ ಎಂದು ಪ್ರಾಜಕ್ತಾ ಚೇಷ್ಟೆ ಮಾಡುತ್ತಿದ್ದಳು. ಅದು ಚೇಷ್ಟೆಯೇನೂ ಆಗಿರಲಿಲ್ಲ.

"ನನಗೇನೂ ಇಲ್ಲೋ ತ್ರ್ಯಂಬಕ," ಎಂದರು ಬುವಾ ಚಹಾದ ಬಸಿ ಕೆಳಗಿಡುತ್ತ. "ಆದರ ಹೆಣ್ಮಕ್ಕಳು ಕೇಳಾಕತ್ತಾರ. ಅಕಿ ಕೈಯಿಂದ ನಾವು ವೀಣಾ ಹೆಂಗ ತಗೋಬೇಕು ಅಂತಾರ. ಬಿದ್ದಿದ್ರ ಬ್ಯಾರೆ ಮಾತು. ತಾನಾಗಿ ಇಳದಿದ್ರ ಬ್ಯಾರೆ ಮಾತು. ನೋಡಿದಾಂವ ನೀ ಒಬ್ಬನ. ನೀ ಹೇಳಿದ್ದ ನಾ ಎಲ್ಲಾರಿಗೂ ಹೇಳತೇನಿ."

"ನಾ ಬಣ್ಣ ಹಚ್ಚಾಕತ್ತಿದ್ದೆ ಬುವಾ, ಸರಿ ನೋಡಿಲ್ಲ," ಎಂದ ತ್ರ್ಯಂಬಕ.

"ಹಂಗಾರ ಕೇಳಿ ಹೇಳು."

ಕೇಳಿದ. ಆಯಿ ಪಡಸಾಲೆಯಲ್ಲಿ ಮೆಂತೆ ಪಲ್ಯ ಸೋಸುತ್ತಿದ್ದಳು. ಅವನು ಎದುರಿಗೆ ಕುಕ್ಕರಗಾಲಲ್ಲಿ ಕುಳಿತ. ಎಲ್ಲಿಂದ ಶುರು ಮಾಡಬೇಕೋ ತಿಳಿಯದೆ ಸ್ವಲ್ಪ ಹೊತ್ತು ತಾನೂ ಎಲೆ ಬಿಡಿಸಿದ.

"ಆಯಿ, ಅವತ್ತ ಯಾರ ಹೆಸರ ತಗೊಂಡ ಮುಳುಗಿದಿ?"

"ನೀರಿಗಿಳಿಯಾಕ ಯಾರ ಹೆಸರ ಬೇಕೋ?"

"ಪಂಢರಪುರ ನೆನಪಾತೇನು? ಅಲ್ಲಿ ಹೊಳಿ ಅಂತ ತಿಳಕೊಂಡೇನು?"

"ಪಂಢರಪುರ ಎಲ್ಲಿ, ಖಾನಾಪುರ ಎಲ್ಲಿ. ನನಗೇನ ಅರಳು ಮರಳು ಆಗೇತೇನು?"

"ಮತ್ತ, ಅವರ ಯೊರ್ದನ್?"

"ಅದ ಯಾವುದೋ ನನಗ ಗೊತ್ತಿಲ್ಲ. ನಿನಗರ ಗೊತ್ತೈತೇನು?"

"ಬಿಸಲಿಗೆ ತಾಳಲಾರದ ಇಳದೇನು ಹಂಗಾರ?"

ಆಯಿ ಎಲೆ ಬಿಡಿಸುವುದನ್ನು ನಿಲ್ಲಿಸಿದಳು. ಅವನ ಮುಖವನ್ನೇ ನೋಡಿದಳು. ಏನೋ ಬರುತ್ತದೆ ಎಂದು ಕಾಯುವವರ ಹಾಗೆ ನೋಡಿದಳು. ಅವನು ಇನ್ನೊಂದು ದಂಟು ಕೈಗೆತ್ತಿಕೊಂಡ.

"ಇಷ್ಟೆಲ್ಲಾ ಕೇಳಿದಿ. ಕೇಳೂದೊಂದು ಬಿಟ್ಟಿ," ಎಂದು ದಂಟುಗಳನ್ನು ಮುದ್ದೆ ಮಾಡಿ ಬದಿಗೆ ಸರಿಸಿದಳು.

ಕೇಳಬೇಕಾದ ಆ ಒಂದು ಯಾವುದು ಎಂದು ಅವನಿಗೆ ಹೊಳೆಯಲಿಲ್ಲ. ದೇವರು, ಹೊಳೆ, ಬಿಸಿಲು ಮೂರೂ ಮುಗಿದಿದ್ದವು. ತಾಯಿಯಾದವಳು ಇದ್ದಕ್ಕಿದ್ದಂತೆ ಪರರ ಮನೆಯ ಹೆಣ್ಣುಮಗಳಂತೆ ಕಂಡಳು, ಅವನಿಗೆ ಅಳು ಬಂದಂತಾಯಿತು. ಅವಳ ಮನಸ್ಸು ತನಗೆ ತಿಳಿಯದೆ ಬೇರೆ ಎಲ್ಲೋ ಹೋಗಿದೆಯೇ? ಹೋಗಿದ್ದರೆ ಯಾವಾಗಿನಿಂದ? ತಾನೇ ಅಲ್ಲವೇ ಅವಳನ್ನು ಇಷ್ಟು ವರ್ಷ ಚರ್ಚಿನಿಂದ ಚರ್ಚಿಗೆ ಕರೆದುಕೊಂಡು ತಿರುಗಿದವನು?

ಮರುದಿನ ಖಾನಾಪುರಕ್ಕೆ ಹೋದ. ಗೋಡೆಗೆ ವಾರ್ನಿಶ್ ಹಚ್ಚುವುದು ನೆಪ. ಪಾಸ್ಟರ್ ರೋಹನನ ಸ್ಥಿತಿ ಇವನಿಗಿಂತ ಮೇಲೇನೂ ಇರಲಿಲ್ಲ. ಒಂದೇ ಕಡೆ ನಿಲ್ಲದ ಮನುಷ್ಯ ಈಗ ಬೆಂಚಿನ ಮೇಲೆ ಕೈ ಹಿಸುಕುತ್ತ ಕುಳಿತಿದ್ದ.

"ಪೇಂಟರ ಸಾಹೇಬ್ರ, ನಮ್ಮ ಸಭೆಯ ಹಿರಿಯರೂ ನನ್ನ ಹಿಡದ ಕೂತಾರ. ಇದ ದೀಕ್ಷೆ ಆತೋ, ಇಲ್ಲೋ ಅಂತ."

"ಆತೇನ್ರಿ ಮತ್ತ?"

"ಹಂಗ ಬರೇ ಮುಳುಗಿದ್ರ ಆಗೂದಿಲ್ರಿ. ನಮ್ಮೊಳಗ ಮನಸ್ಸು ಬೇಕು, ನಂಬಿಕಿ ಬೇಕು, ಬಾಯಿಬಿಟ್ಟ ಒಪ್ಪಬೇಕು. ಆಯಿಯವ್ರ ಮನಸ್ಸಿನ್ಯಾಗ ಏನಿತ್ತು, ಅದ ಮುಖ್ಯ."

"ಅದ ಗೊತ್ತಾಗವಲ್ದು. ಅದಿರಲಿ, ನೀವು ಎತ್ತುವಾಗ ಏನರ ಅಂದ್ರೇನು? ವಿಡಿಯೋದಾಗ ತುಟಿ ಅಲ್ಲಾಡತೈತಿ."

ರೋಹನ ತಲೆ ಕೆರೆದುಕೊಂಡ. "ಅದ ನನಗೂ ತಿಳೀವಲ್ದು ನೋಡ್ರಿ. ಗಾಬರ್ಯಾಗಿ 'ಅಯ್ಯೋ ಅಜ್ಜಿ' ಅಂದ್ನೋ, ರೂಢಿ ಪ್ರಕಾರ ಪ್ರಾರ್ಥನೆ ಮಾತ ಬಂತೋ. ಆ ತೊಟ್ಯಾಗ ನಿಂತ ಒಬ್ಬರ ಬೆನ್ನಿಗೆ ಕೈ ಕೊಟ್ರ ಬಾಯಿ ತಾನ ಮಾತಾಡತೈತ್ರಿ. ನೂರ ಸಲ ನೋಡೇನಿ ಆ ವಿಡಿಯೋ. ಹಾಡಿನ ಗದ್ದಲದಾಗ ನನ್ನ ಮಾತ ನನಗ ಕೇಳವಲ್ದು."

ತ್ರ್ಯಂಬಕನೂ ಅದೇ ಬೆಂಚಿನ ಮೇಲೆ ಕುಳಿತ. ಒಬ್ಬ ತನ್ನ ತಾಯಿ ಏನು ಮಾಡಿದಳೆಂದು ತಿಳಿಯದವನು, ಇನ್ನೊಬ್ಬ ತಾನೇ ಏನು ಹೇಳಿದೆನೆಂದು ತಿಳಿಯದವನು.

"ಕಾಲ ಜಾರಿ ಬಿದ್ರು ಅಂದ್ರ ಎಲ್ಲಾರಿಗೂ ಸರಳ ಆಗತೈತಿ," ಎಂದ ರೋಹನ ಕೊನೆಗೆ. "ನೀವು ನೋಡೀರಿ. ಬಿದ್ರೇನು?"

ಇವನೂ ಅದನ್ನೇ ಕೇಳಿದ. ಬುವಾ ಕೇಳಿದ್ದೂ ಅದನ್ನೇ, ಪ್ರಾಜಕ್ತಾ ಹೇಳಿಕೊಟ್ಟದ್ದೂ ಅದನ್ನೇ. ಎರಡು ಧರ್ಮದವರೂ ಒಂದೇ ಮಾತಿಗೆ ಬಂದು ನಿಂತಿರುವಾಗ ತಾನೊಬ್ಬ ಯಾಕೆ ಅಡ್ಡಗಾಲು ಹಾಕಲಿ ಎಂದು ತ್ರ್ಯಂಬಕ ಯೋಚಿಸಿದ. ಏಳುವಾಗ ರೋಹನ ಗೋಡೆಯ ಕಡೆ ನೋಡಿ, "ಇದ ಮಾತ್ರ ಭಾಳ ಬ್ಯಾರೆ ಬಂದೈತ್ರಿ. ಮುಂಜಾನೆ ಬಾಗಲಾ ತಗದಾಗ ಒಂದ ಕ್ಷಣ ನಾನ ನಿಂತೆ," ಎಂದ. ತ್ರ್ಯಂಬಕ ಹೂಂ ಎಂದ. ಗೋಡೆಯನ್ನು ತಿರುಗಿ ನೋಡದೆಯೇ ವಾರ್ನಿಶ್ ಡಬ್ಬಿ ಚೀಲಕ್ಕೆ ಹಾಕಿಕೊಂಡು ಬಸ್ಸಿಗೆ ನಡೆದ.

ಸಪ್ತಾಹದ ಕೊನೆಯ ದಿನ. ಮಂದಿರದಲ್ಲಿ ಊದಿನಕಡ್ಡಿ, ಸೆಖೆ, ಕಂಚಿನ ಟಾಳದ ಸದ್ದು. ಹೆಂಗಸರು ಎರಡು ಸಾಲಾಗಿ ಕುಳಿತಿದ್ದರು. ವೀಣೆ ಮೇಘಾಳ ಕೊರಳಲ್ಲಿತ್ತು. ಬ್ಯಾಂಕಿನಲ್ಲಿ ಕೆಲಸ ಮಾಡುವ ಹುಡುಗಿ, ಓಣಿಯ ಒಂದು ಮನೆಯ ಹೊಸ ಸೊಸೆ. ಅವಳ ಪಾಳಿ ಮುಗಿದು ಬಹಳ ಹೊತ್ತಾಗಿತ್ತು. ಮುಂದಿನ ಪಾಳಿ ಆಯಿಯದು. ಅವಳು ಬಂದು ಎದುರಿಗೆ ನಿಂತೇ ಇದ್ದಳು, ಹಸಿರು ಇಳಕಲ್ ಸೀರೆ ಉಟ್ಟು, ಕೈ ಜೋಡಿಸಿಕೊಂಡು. ಮೇಘಾ ನಾಮ ಹೇಳುತ್ತ ಅವಳವರೆಗೆ ಬರುತ್ತಿದ್ದಳು, ಬುವಾ ಅವರ ಮುಖ ನೋಡುತ್ತಿದ್ದಳು, ತಿರುಗಿ ಹೋಗುತ್ತಿದ್ದಳು. ಚಂದ್ರಭಾಗಾಬಾಯಿ ಯಾರ ಮುಖವನ್ನೂ ನೋಡಲಿಲ್ಲ. ಅವಳ ಕಣ್ಣು ವೀಣೆಯ ಮೇಲಿತ್ತು, ಪಟ್ಟಿ ಹಿಡಿಯಲು ಕೈ ಆಗಲೇ ಅರ್ಧ ಚಾಚಿತ್ತು. ಕಂಬಕ್ಕೊರಗಿ ನಿಂತಿದ್ದ ತ್ರ್ಯಂಬಕನಿಗೆ ಆ ಕೈ ನೋಡುವುದಾಗಲಿಲ್ಲ.

ಬುವಾ ಟಾಳವನ್ನು ಮೆಲ್ಲಗೆ ಮಾಡಿ, ಎಲ್ಲರಿಗೂ ಕೇಳುವಂತೆ ಕೇಳಿದರು: "ತ್ರ್ಯಂಬಕ, ನೀ ಅಲ್ಲೇ ಇದ್ದಿ. ಹೇಳಿಬಿಡು. ಏನಾತು?"

ಎರಡೂ ಸಾಲುಗಳು ಅವನ ಕಡೆ ತಿರುಗಿದವು. ಪ್ರಾಜಕ್ತಾ ಕಣ್ಣಿನಲ್ಲೇ ಹೇಳು ಎಂದಳು.

"ಕಾಲ ಜಾರಿತ್ರಿ," ಎಂದ ಅವನು. "ಹಸಿ ಮೆಟ್ಟಲಾ. ಜಾರಿ ಬಿದ್ದಳು. ಪಾಸ್ಟರ ಹಿಡದ ಎತ್ತಿದ. ಅಷ್ಟ."

ಕುಳಿತವರ ಉಸಿರು ಸಡಿಲಾಯಿತು. ಒಬ್ಬಿಬ್ಬರು "ಪಾಪ" ಎಂದರು. ನಾವು ಹೇಳಿರಲಿಲ್ಲವೇ ಎಂಬಂತೆ ಕೆಲವರು ತಲೆಯಾಡಿಸಿದರು. ಮೇಘಾ ನಗುಮುಖದಿಂದ ಬಂದು ವೀಣೆಯ ಪಟ್ಟಿಯನ್ನು ತನ್ನ ಕೊರಳಿನಿಂದ ತೆಗೆದು ಮುದುಕಿಯ ಕೊರಳಿಗೆ ಹಾಕಿದಳು. ಅವಳು ಇವಳ ಪಾದ ಮುಟ್ಟಿದಳು, ಇವಳು ಅವಳ ಪಾದ ಮುಟ್ಟಿದಳು. ಟಾಳ ಮತ್ತೆ ಏರಿತು. ಆಯಿ ನಾಮ ಹೇಳುತ್ತ ದೇವರ ಕಡೆ ನಡೆದಳು. ತ್ರ್ಯಂಬಕನ ಎದೆಯ ಭಾರ ಇಳಿಯಿತು. ಒಂದು ಸಣ್ಣ ಸುಳ್ಳು, ಯಾರಿಗೂ ನಷ್ಟವಿಲ್ಲ ಎಂದುಕೊಂಡ.

ಆಯಿ ಅತ್ತ ಹೋಗಿ ಇತ್ತ ಬಂದಳು. ಇನ್ನೊಮ್ಮೆ ಹೋಗಿ ಬಂದಳು. ಕಂಬದ ಹತ್ತಿರ ಬಂದಾಗ ಅವಳ ಬಾಯಲ್ಲಿದ್ದ ನಾಮ ನಿಂತಿತು. ತಂತಿ ಮೀಟುವ ಬೆರಳು ಮಾತ್ರ ನಿಲ್ಲಲಿಲ್ಲ.

"ನಾ ಜಾರಿಲ್ಲೋ ತ್ರ್ಯಂಬಕ," ಎಂದಳು. ದನಿ ಎತ್ತರಿಸಲಿಲ್ಲ, ಇಳಿಸಲೂ ಇಲ್ಲ. "ಸೀರಿ ಎತ್ತಿಕೊಂಡ ಇಳದೇನಿ. ನೀ ನೋಡಿದಿ. ನಿನ್ನ ಗ್ವಾಡಿ ಅವತ್ತ ನೀರಾಗಿತ್ತು. ನೀರಾಗಿತ್ತು, ಇಳದೆ."

ವೀಣೆ ಹಿಡಿದು ಬೇರೆ ಮಾತು ಆಡಬಾರದು. ಇಷ್ಟು ವರ್ಷಗಳಲ್ಲಿ ಅವಳು ಆಡಿದ್ದೂ ಇಲ್ಲ. ಆಡಬೇಕಾದ್ದನ್ನು ಆಡಿ, ಮತ್ತೆ ನಾಮ ಹಿಡಿದು ದೇವರ ಕಡೆ ಹೊರಟುಹೋದಳು.

ಮಂದಿರದೊಳಗೆ ಯಾರಿಗೂ ಏನೂ ತಿಳಿಯಲಿಲ್ಲ. ಗೋಡೆ ನೀರಾಗುವುದೆಂದರೇನು ಎಂದು ಒಬ್ಬಳು ಇನ್ನೊಬ್ಬಳನ್ನು ಕೇಳಿದಳು. ಹಾಗಾದರೆ ತಾನಾಗಿಯೇ ಇಳಿದಿದ್ದಾಳಲ್ಲ ಎಂದು ಮತ್ತೊಬ್ಬಳು ಪಿಸುಗುಟ್ಟಿದಳು. ಬುವಾ ಟಾಳ ಬಾರಿಸುತ್ತ ನೆಲ ನೋಡಿದರು. ವೀಣೆ ಆಗಲೇ ಅವಳ ಕೊರಳಲ್ಲಿತ್ತು. ಕಸಿದುಕೊಳ್ಳುವ ಪದ್ಧತಿ ಇಲ್ಲ, ನೆಲಕ್ಕಿಡಿಸುವ ಪದ್ಧತಿಯಂತೂ ಇಲ್ಲವೇ ಇಲ್ಲ.

ಕಂಬಕ್ಕೊರಗಿದ್ದ ಒಬ್ಬನಿಗೆ ಮಾತ್ರ ಅರ್ಥವಾಯಿತು. ಮೊದಲು ಸಂತೋಷವೇ ಆಯಿತು. ಅದರ ಬೆನ್ನಿಗೇ ನಾಚಿಕೆ ಬಂತು. ಅಪ್ಪ ಸತ್ತ ಮೇಲೆ ಈ ಒಂದು ಮಾತಿಗಾಗಿ ಅವನು ಎಷ್ಟು ಗೋಡೆ ಬರೆದಿದ್ದ. ಮಾತು ಸಿಕ್ಕೂ ಸಿಕ್ಕಿತ್ತು, ಖಾನಾಪುರದ ತೊಟ್ಟಿಯಲ್ಲೇ, ಅವನ ಕಣ್ಣೆದುರೇ. ಅವಳು ದೇವರನ್ನಲ್ಲ, ಅವನ ಬಣ್ಣವನ್ನು ನಂಬಿ ಕಾಲಿಟ್ಟಿದ್ದಳು. ಅವನು ಯಾವ ದೇವರು ಎಂದು ಕೇಳಿದ, ಯಾವ ಹೊಳೆ ಎಂದು ಕೇಳಿದ. ಗೋಡೆ ಹೇಗಾಗಿದೆ ಆಯಿ ಎಂದು ಕೇಳಲಿಲ್ಲ. ಈಗ ಊರ ಮಂದಿಯೆದುರು ಆ ಮಾತನ್ನೇ ಜಾರಿಬಿದ್ದದ್ದು ಎಂದು ಹೇಳಿ ಮುಗಿಸಿದ್ದ.

ಆಯಿಯ ಪಾಳಿ ಮುಗಿಯಿತು. ಮುಂದಿನ ಪಾಳಿಯವಳು ಸೆರಗು ಸರಿಪಡಿಸಿಕೊಳ್ಳುತ್ತ ಕುಳಿತೇ ಇದ್ದಳು, ಏಳಲಿಲ್ಲ. ಅವಳ ಪಕ್ಕದವಳೂ ಏಳಲಿಲ್ಲ. ಮೇಘಾ ಅರ್ಧ ಎದ್ದಳು. ಅತ್ತೆ ಅವಳ ಸೆರಗು ಹಿಡಿದೆಳೆದಳು. ಆಯಿ ನಡೆಯುತ್ತಲೇ ಇದ್ದಳು. ಬೆವರಿನಿಂದ ಬುಕ್ಕಾ ಇಳಿದು ಮೂಗಿನ ಮೇಲೆ ಬಂದಿತ್ತು. ಪ್ರತಿ ಸಲ ತಿರುಗುವಾಗ ಹೆಜ್ಜೆ ಸ್ವಲ್ಪ ತಡವಾಗುತ್ತಿತ್ತು, ವೀಣೆಯ ಬುರುಡೆ ಕೆಳಕ್ಕೆ ಜಗ್ಗುತ್ತಿತ್ತು. ಅವಳು ಯಾರನ್ನೂ ಕರೆಯಲಿಲ್ಲ.

ತ್ರ್ಯಂಬಕ ಕಂಬ ಬಿಟ್ಟು ಹೊರಟ. ಹೆಂಗಸರ ಪಾಳಿಯಲ್ಲಿ ಗಂಡಸು ಹೋಗಬಹುದೋ ಇಲ್ಲವೋ ಅವನಿಗೆ ತಿಳಿಯದು. ಜೀವಮಾನದಲ್ಲಿ ಒಮ್ಮೆಯೂ ಅವನು ವೀಣೆ ಹಿಡಿದವನಲ್ಲ. ಬುವಾ ತಲೆಯೆತ್ತಿ ನೋಡಿದರು, ಬೇಡ ಎನ್ನಲಿಲ್ಲ. ಅವನು ಆಯಿಯ ಎದುರಿಗೆ ಹೋಗಿ ಕೊರಳು ಬಗ್ಗಿಸಿದ. ಅವಳು ಪಟ್ಟಿ ಹಾಕಿದಳು. ಎಷ್ಟು ಭಾರವಿದೆ ಎಂದು ಅವನಿಗೆ ಆಗ ತಿಳಿಯಿತು. ಅವನು ಬಗ್ಗಿ ಅವಳ ಪಾದ ಮುಟ್ಟಿದ.

ಆಮೇಲೆ ಆಯಿ ಬಗ್ಗಿದಳು. ಅವನ ಕಾಲು ಹಿಂದಕ್ಕೆ ಸರಿಯಿತು, ಪದ್ಧತಿ ನೆನಪಾಗಿ ಮತ್ತೆ ಮುಂದೆ ಬಂತು. ಕಾಲುಗುರಿನ ಸಂದಿಯಲ್ಲಿ ಖಾನಾಪುರದ ಕಂದು ಹಸಿರು ಇನ್ನೂ ಹೋಗಿರಲಿಲ್ಲ. ಅವಳ ಬೆರಳು ಅದರ ಮೇಲೆ ಬಂದು, ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚು ಹೊತ್ತು ಅಲ್ಲೇ ಇತ್ತು. ಅದು ವೀಣೆಗೆ ಮಾಡಿದ ನಮಸ್ಕಾರವೋ, ಬಣ್ಣಕ್ಕೆ ಮಾಡಿದ್ದೋ ಅವನಿಗೆ ತಿಳಿಯಲಿಲ್ಲ. ಕೇಳೋಣವೆಂದರೆ ಕೊರಳಲ್ಲಿ ವೀಣೆ ಇತ್ತು, ಬೇರೆ ಮಾತು ಆಡುವಂತಿರಲಿಲ್ಲ. ಅವನು ವಿಠ್ಠಲನ ನಾಮ ಹೇಳುತ್ತ ದೇವರ ಕಡೆ ನಡೆದ.